ಚೆಂಡು ಬಲಕ್ಕೇ ಯಾಕೆ ಓಡುತ್ತೆ? ದಬ್ಬೇಘಟ್ಟದ ತೋಟದಲ್ಲಿ ತಿದ್ದಿಕೊಂಡ ಗಾಲ್ಫ್ ಸ್ವಿಂಗ್

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲೋ, ಬಸ್ಸಲ್ಲೋ, ಇಲ್ಲಾ ನಮ್ಮೂರ ಕಡೆಯವರಾದ್ರೆ ತೋಟಕ್ಕೆ ನೀರು ಬಿಟ್ಟು ಬದುವಿನ ಮೇಲೆ ಕೂತ್ಕೊಂಡೋ ಕೇಳ್ತಾ ಇರ್ತೀರ. ಇವತ್ತು ಮಾತಾಡೋ ವಿಷಯ ಗಾಲ್ಫ್ ಸ್ವಿಂಗ್. ಅದರಲ್ಲಿ ಸಾಮಾನ್ಯವಾಗಿ ಆಗೋ ತಪ್ಪುಗಳು, ಅವನ್ನ ತಿದ್ದಿಕೊಳ್ಳೋದು ಹೇಗೆ ಅನ್ನೋದು.

ನಾನು ದಬ್ಬೇಘಟ್ಟದವನು. ತುರುವೇಕೆರೆ ತಾಲ್ಲೂಕು, ತುಮಕೂರು ಜಿಲ್ಲೆ. ಊರ ಹೆಸರು ಹೇಳಿದ ತಕ್ಷಣ ಬೆಂಗಳೂರಲ್ಲಿ ಜನ ನಗ್ತಾರೆ. ‘ದಬ್ಬೇಘಟ್ಟದಲ್ಲಿ ಗಾಲ್ಫಾ?’ ಅಂತ. ಇಲ್ಲ ಸ್ವಾಮಿ, ಅಲ್ಲಿ ಇರೋದು ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಲ್ಲಿ ಎಲ್ಲಿ ನಿಂತು ನೋಡಿದ್ರೂ ತೆಂಗಿನ ಗರಿ. ನಾನು ಹದಿನೇಳು ವರ್ಷಕ್ಕೆ ಬೆಂಗಳೂರಿಗೆ ಬಂದು ಒಂದು ಡ್ರೈವಿಂಗ್ ರೇಂಜಲ್ಲಿ ಚೆಂಡು ಆರಿಸೋ ಕೆಲಸಕ್ಕೆ ಸೇರಿದೆ. ಆಮೇಲೆ ಕ್ಯಾಡಿ ಆದೆ. ಅಂದ್ರೆ ಆಡೋರ ಚೀಲ ಹೊತ್ಕೊಂಡು ಹಿಂದೆ ಹೋಗೋನು. ಸೋಮವಾರ ಸಂಜೆ ಕ್ಯಾಡಿಗಳಿಗೂ ಹೊಡೆಯೋಕೆ ಬಿಡ್ತಿದ್ರು. ಯಾರೋ ಬಿಟ್ಟು ಹೋದ ಹಳೇ ಏಳನೇ ನಂಬರ್ ಕಬ್ಬಿಣದ ಕೋಲು, ಸೆವೆನ್ ಐರನ್ ಅಂತೀವಲ್ಲ, ಅದರಲ್ಲಿ ಕಲಿತೆ. ಈಗ ಅದೇ ಥರದ ಒಂದು ರೇಂಜಲ್ಲಿ ಹುಡುಗರಿಗೆ ಹೇಳಿಕೊಡ್ತೀನಿ.

ಗಾಲ್ಫ್ ನಮಗೇನೂ ಹೊಸದಲ್ಲ, ಇದನ್ನೊಂದು ಹೇಳಿಬಿಡ್ತೀನಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆದ್ರೆ ಬಹಳ ವರ್ಷ ಅದು ಬೇಲಿ ಒಳಗಿನ ಆಟ ಆಗೇ ಇತ್ತು, ನಮ್ಮಂಥೋರು ಒಳಗೆ ಹೋಗ್ತಿದ್ದಿದ್ದು ಚೀಲ ಹೊರೋಕೆ, ಹುಲ್ಲು ಕತ್ತರಿಸೋಕೆ. ಈಗ ಸ್ವಲ್ಪ ಬದಲಾಗಿದೆ. ಬಿಡದಿ ಕಡೆಯ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಗೆದ್ದಿದ್ದು ನಮ್ಮ ಕ್ಯಾಡಿ ಶೆಡ್ಡಲ್ಲಿ ದೊಡ್ಡ ಸುದ್ದಿ. ನಾವೆಲ್ಲ ಹೆಸರು ಕೇಳೇ ಎದೆ ಉಬ್ಬಿಸ್ಕೊಂಡೋರು. ರಂಗಪ್ಪ ಅನ್ನೋ ಹೆಸರು ಗಾಲ್ಫ್ ಸ್ಕೋರ್‌ಬೋರ್ಡ್ ಮೇಲೆ ಬಂದಿದೆ ಅಂದ್ರೆ ಸುಮ್ನೇನಾ!

ಸರಿ, ತಪ್ಪಿಗೆ ಬರೋಣ. ಬೇರೆಯವರ ತಪ್ಪಿಂದ ಶುರು ಮಾಡೋದು ಸುಲಭ, ನನ್ನದರಿಂದಲೇ ಶುರು ಮಾಡ್ತೀನಿ.

2023. ನಮ್ಮ ಕಡೆಯವರಿಗೆ ಆ ವರ್ಷ ಮರೆಯೋ ಹಾಗಿಲ್ಲ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ನಿಜವಾಗಿ ಸಿಗ್ತಿದ್ದಿದ್ದು ಅದಕ್ಕಿಂತ ತುಂಬಾ ಕೆಳಗೆ. ಅಟ್ಟದ ಮೇಲೆ ಕಾಯಿ ಇಟ್ಕೊಂಡು ಬೆಲೆ ಏರ್ಲಿ ಅಂತ ಕಾಯ್ತಾ ಇದ್ದೋರು ಎಷ್ಟೋ ಜನ. ನಮ್ಮಪ್ಪನೂ ಕಾಯಬಹುದಿತ್ತು. ಆದ್ರೆ ನಾನು ಆ ವರ್ಷ ಒಂದು ಅರ್ಹತಾ ಸ್ಪರ್ಧೆಗೆ ಹೆಸರು ಕೊಡಬೇಕು ಅಂತ ಹಠ ಹಿಡಿದಿದ್ದೆ. ಅದರಲ್ಲಿ ಪಾಸಾದ್ರೆ ವೃತ್ತಿಪರನಾಗಿ ಆಡೋಕೆ ದಾರಿ. ಶುಲ್ಕ, ಓಡಾಟ, ಉಳ್ಕೊಳ್ಳೋ ಖರ್ಚು ಎಲ್ಲಾ ಸೇರಿ ನನ್ನ ಕೈಲಿ ಆಗೋ ಅಷ್ಟಿರ್ಲಿಲ್ಲ. ಅಪ್ಪ ಅಟ್ಟದಿಂದ ಕಾಯಿ ಇಳಿಸಿ, ಒಡೆಸಿ, ಸಿಕ್ಕಿದ ಬೆಲೆಗೆ ಮಾರಿ ದುಡ್ಡು ಕಳಿಸಿದ್ರು. ಒಂದು ಮಾತೂ ಆಡ್ಲಿಲ್ಲ. ಅವ್ವ ಮಾತ್ರ ಫೋನಲ್ಲಿ ‘ನೋಡಪ್ಪ, ಈ ಸಲ ಗೊಬ್ಬರಕ್ಕೂ ಇಟ್ಕೊಂಡಿಲ್ಲ’ ಅಂದ್ಲು.

ಕೊನೇ ದಿನ. ಹದಿನೇಳನೇ ಹೋಲ್. ಪಾರ್ ನಾಲ್ಕು, ಅಂದ್ರೆ ನಾಲ್ಕು ಹೊಡೆತಕ್ಕೆ ಮುಗಿಸಬೇಕಾದ್ದು. ನಾನು ಅಲ್ಲಿವರೆಗೂ ಚೆನ್ನಾಗೇ ಇದ್ದೆ. ಡ್ರೈವರ್ ತಗೊಂಡೆ, ಬೀಸಿದೆ. ಚೆಂಡು ನೆಟ್ಟಗೆ ಹೊರಟಿತು, ಆಮೇಲೆ ಬಲಕ್ಕೆ, ಇನ್ನೂ ಬಲಕ್ಕೆ, ಬೇಲಿ ದಾಟಿ ಹೊರಗೆ. ಹೊರಗೆ ಹೋದ್ರೆ ಒಂದು ಹೊಡೆತ ದಂಡ, ಜೊತೆಗೆ ಅದೇ ಜಾಗದಿಂದ ಮತ್ತೆ ಹೊಡೀಬೇಕು. ಹಾಗಾಗಿ ಮುಂದಿನದು ಮೂರನೇ ಹೊಡೆತ. ಅದೂ ಅದೇ ದಾರಿ ಹಿಡೀತು. ಐದನೇ ಹೊಡೆತ ನಿಂತ ಜಾಗದಿಂದಲೇ ಹೊಡೆದೆ. ಆ ಹೋಲಲ್ಲಿ ಎಂಟು. ಕೊನೆಗೆ ಪಟ್ಟಿ ನೋಡಿದ್ರೆ ಮೂರು ಹೊಡೆತದಲ್ಲಿ ಹೊರಗುಳಿದಿದ್ದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ: ‘ಕೊನೇಲಿ ಗಾಳಿ ಜೋರಾಗಿಬಿಡ್ತು ಅಪ್ಪ.’

ಗಾಳಿ ಇರ್ಲಿಲ್ಲ. ಅದು ಸ್ಲೈಸ್.

ಸ್ಲೈಸ್ ಅಂದ್ರೆ ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗಿ ಓಡೋದು. ಎಡಗೈಯವರು ದಯವಿಟ್ಟು ನಾನು ಹೇಳೋದನ್ನೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಳ್ಳಿ. ರೇಂಜಿಗೆ ಹೊಸದಾಗಿ ಬರೋ ಹತ್ತು ಜನ ಹುಡುಗರನ್ನ ನಿಲ್ಲಿಸಿದ್ರೆ ಬಹುಪಾಲು ಜನಕ್ಕೆ ಇದೇ ಕಾಯಿಲೆ. ಆಫೀಸಿನ ಸ್ನೇಹಿತರ ಜೊತೆ ವೀಕೆಂಡಲ್ಲಿ ಬಂದು ಎರಡು ಬಕೆಟ್ ಚೆಂಡು ಹೊಡೆದು ಬೆನ್ನು ಹಿಡಿಸ್ಕೊಂಡು ಹೋಗ್ತಾರಲ್ಲ, ಅವರಿಗಂತೂ ಇದು ಖಾಯಂ.

ಇದು ಯಾಕಾಗುತ್ತೆ ಅಂತ ಅರ್ಥ ಮಾಡ್ಕೊಂಡ್ರೆ ಅರ್ಧ ತಿದ್ದಿದ ಹಾಗೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದ್ರೆ 45.93 ಗ್ರಾಂ. ಕೋಲಿನ ತಲೆಯ ಜೊತೆ ಅದು ಇರೋದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು, ಅಷ್ಟೇ. ಆ ಕ್ಷಣದಲ್ಲಿ ಚೆಂಡಿಗೆ ಎರಡು ವಿಷಯ ಗೊತ್ತಾಗುತ್ತೆ. ಒಂದು, ಕೋಲಿನ ಮುಖ ಯಾವ ಕಡೆ ನೋಡ್ತಿದೆ. ಇನ್ನೊಂದು, ಕೋಲು ಯಾವ ಕಡೆ ಹೋಗ್ತಿದೆ. ಚೆಂಡು ಹೊರಡೋದು ಹೆಚ್ಚುಕಮ್ಮಿ ಮುಖ ನೋಡೋ ಕಡೆಗೆ. ಬಾಗೋದು ಮುಖಕ್ಕೂ ದಾರಿಗೂ ಇರೋ ವ್ಯತ್ಯಾಸದಿಂದ. ದಾರಿ ಎಡಕ್ಕೆ, ಮುಖ ಅದಕ್ಕಿಂತ ಬಲಕ್ಕೆ ತೆರೆದಿದ್ರೆ ಚೆಂಡಿಗೆ ಓರೆ ಸುತ್ತು ಬೀಳುತ್ತೆ, ಬಲಕ್ಕೆ ಓಡುತ್ತೆ. ಹಿಂದೆ ಇದನ್ನ ಉಲ್ಟಾ ಹೇಳಿಕೊಡ್ತಿದ್ರು, ಚೆಂಡು ಕೋಲಿನ ದಾರಿಯಲ್ಲಿ ಹೊರಡುತ್ತೆ ಅಂತ. ರಾಡಾರ್ ಯಂತ್ರಗಳು ಬಂದ ಮೇಲೆ ಆ ಪಾಠ ಬಿದ್ದೋಯ್ತು.

ಈಗ ನೋಡಿ ತಮಾಷೆ. ಚೆಂಡು ಬಲಕ್ಕೆ ಹೋಗುತ್ತೆ ಅಂತ ನೀವೇನು ಮಾಡ್ತೀರ? ಎಡಕ್ಕೆ ತಿರುಗಿ ನಿಲ್ತೀರ. ಎಡಕ್ಕೆ ತಿರುಗಿದ್ರೆ ಕೋಲಿನ ದಾರಿ ಇನ್ನೂ ಎಡಕ್ಕಾಗುತ್ತೆ. ಮುಖ ಮಾತ್ರ ಗುರಿ ಕಡೆಗೇ ಇರುತ್ತೆ. ವ್ಯತ್ಯಾಸ ಜಾಸ್ತಿ ಆಯ್ತು, ಸ್ಲೈಸೂ ಜಾಸ್ತಿ ಆಯ್ತು. ನಾನು ಹದಿನೇಳನೇ ಹೋಲಲ್ಲಿ ಎರಡನೇ ಚೆಂಡಿಗೆ ಮಾಡಿದ್ದು ಇದನ್ನೇ.

ನಮ್ಮ ಹುಡುಗರಿಗೆ ಇದು ಜಾಸ್ತಿ ಬರೋಕೆ ಇನ್ನೊಂದು ಕಾರಣ ಇದೆ ಅನ್ನೋದು ನನ್ನ ಅಭಿಪ್ರಾಯ. ಕ್ರಿಕೆಟ್. ನಾವೆಲ್ಲ ತೆಂಗಿನ ಎಡಮಟ್ಟೆ ಕೆತ್ತಿ ಬ್ಯಾಟ್ ಮಾಡ್ಕೊಂಡು ಆಡಿದೋರು. ನೇರವಾಗಿ ಡ್ರೈವ್ ಮಾಡುವಾಗ ಕೋಚ್ ಏನಂತಾರೆ? ಎಡ ಮೊಣಕೈ ಮೇಲಿರ್ಲಿ, ಬ್ಯಾಟಿನ ಮುಖ ಬೌಲರ್ ಕಡೆಗೇ ಇರ್ಲಿ. ಕ್ರಿಕೆಟ್‌ಗೆ ಅದು ಚಿನ್ನದಂಥ ಮಾತು. ಗಾಲ್ಫಲ್ಲಿ ಹಾಗೆ ಮಾಡಿದ್ರೆ ಮುಂಗೈ ತಿರುಗೋದೇ ಇಲ್ಲ, ಮೊಣಕೈ ಕೋಳಿ ರೆಕ್ಕೆ ಥರ ಹೊರಗೆ ಮಡಚುತ್ತೆ, ಕೋಲಿನ ಮುಖ ತೆರೆದೇ ಉಳಿಯುತ್ತೆ. ಟೆನಿಸ್ ಬಾಲ್ ಟೂರ್ನಮೆಂಟಲ್ಲಿ ಊರಿಗೇ ಸಿಕ್ಸರ್ ರಾಜ ಅನ್ನಿಸ್ಕೊಂಡಿದ್ದೋನು ರೇಂಜಲ್ಲಿ ನಿಂತ ಚೆಂಡನ್ನ ನೆಟ್ಟಗೆ ಹೊಡೆಯೋಕಾಗದೆ ಕೆಂಪಗಾಗೋದನ್ನ ನಾನು ಎಷ್ಟು ನೋಡಿದ್ದೀನೋ!

ಸ್ಪರ್ಧೆ ಸೋತ ಮೇಲೆ ನಾನು ಒಬ್ಬ ಅನುಭವಸ್ಥರ ಹತ್ರ ಹೋದೆ. ಹೆಸರು ಬೇಡ, ಒಳ್ಳೇ ಮನುಷ್ಯರು. ಅವರು ಹೇಳಿದ್ದು ಒಂದೇ ಮಾತು: ‘ತಲೆ ಎತ್ತಬೇಡ.’ ಇಡೀ ಲೋಕದಲ್ಲಿ ಗಾಲ್ಫ್ ಆಡೋರಿಗೆ ಅತಿ ಹೆಚ್ಚು ಸಲ ಹೇಳಿರೋ ಮಾತು ಇದೇ ಇರಬೇಕು. ನಾನು ತಲೆ ಗೂಟ ಹೊಡೆದ ಹಾಗೆ ಇಟ್ಕೊಂಡು ಎರಡು ತಿಂಗಳು ಹೊಡೆದೆ. ತಲೆ ಅಲ್ಲಾಡಲ್ಲ ಅಂದ್ರೆ ಭುಜ ತಿರುಗಲ್ಲ. ಭುಜ ತಿರುಗಲ್ಲ ಅಂದ್ರೆ ಕೈ ಮಾತ್ರ ಬೀಸುತ್ತೆ. ಸ್ಲೈಸ್ ಹೋಗ್ಲಿಲ್ಲ, ಸೊಂಟ ಹಿಡ್ಕೊಂಡಿತು. ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕಾಗ್ತಿರ್ಲಿಲ್ಲ. ಊರಿಗೆ ಹೋದೆ.

ಊರಲ್ಲಿ ಕೊಬ್ಬರಿ ಒಡೆಯೋ ಕಾಲ. ನಮ್ಮ ಕಡೆ ಗೊತ್ತಿಲ್ಲದೋರಿಗೆ ಹೇಳ್ತೀನಿ: ಮಟ್ಟೆ ಸಮೇತ ಕಾಯನ್ನ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡ್ತೀವಿ. ಒಳಗಿನ ನೀರು ಪೂರ್ತಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಆಗುತ್ತೆ. ಅಲ್ಲಾಡಿಸಿದ್ರೆ ಒಳಗೆ ಗಡಗಡ ಅನ್ನುತ್ತೆ. ಆಮೇಲೆ ಮಟ್ಟೆ ಸುಲಿದು, ಮಚ್ಚಿಂದ ಚಿಪ್ಪು ಒಡೆದು ಉಂಡೆ ತೆಗೀಬೇಕು. ಚಿಪ್ಪು ಒಡೀಬೇಕು, ಉಂಡೆಗೆ ಗಾಯ ಆಗಬಾರದು. ಗಾಯ ಆದ್ರೆ, ಹೋಳಾದ್ರೆ ಬೆಲೆ ಬಿತ್ತು. ನಮ್ಮಪ್ಪ ಅದರಲ್ಲಿ ಊರಿಗೇ ಹೆಸರುವಾಸಿ. ಗಂಟೆಗಟ್ಟಲೆ ಒಡೀತಾರೆ, ಒಂದು ಉಂಡೆಗೂ ಏಟು ಬೀಳಲ್ಲ.

ಸೊಂಟ ನೋವು, ಬೇರೆ ಕೆಲಸ ಇಲ್ಲ, ಎದುರಿಗೆ ಕೂತು ನೋಡ್ತಿದ್ದೆ. ಮೂರನೇ ದಿನಕ್ಕೆ ನನ್ನ ಕಣ್ಣು ಅಪ್ಪನ ಬಲಗೈ ಬೆರಳ ಮೇಲೆ ಬಿತ್ತು. ಮಚ್ಚು ಅಂಗೈಲಿ ಇಲ್ಲ, ಬೆರಳಲ್ಲಿದೆ. ಬಿಗಿಯಾಗಿಲ್ಲ. ಮಣಿಕಟ್ಟು ಸಡಿಲ. ಏಟು ಬೀಳೋ ಹೊತ್ತಿಗೆ ಮಣಿಕಟ್ಟು ತಾನಾಗೇ ತಿರುಗುತ್ತೆ, ಮಚ್ಚಿನ ಬಾಯಿ ಬೇಕಾದ ಕೋನಕ್ಕೆ ಬಂದು ನಿಲ್ಲುತ್ತೆ. ನಾನೂ ಒಂದು ಕಾಯಿ ತಗೊಂಡು ಬಿಗಿಯಾಗಿ ಹಿಡಿದು ಹೊಡೆದೆ. ಉಂಡೆ ಎರಡು ಹೋಳು. ಅಪ್ಪ ನಕ್ಕು, ‘ಹಾವು ಹಿಡಿದಂಗೆ ಹಿಡೀತೀಯಲ್ಲೋ, ಅದೇನು ಓಡೋಗ್ತದಾ?’ ಅಂದ್ರು.

ಒಳಗೆ ಹೋಗಿ ಸೆವೆನ್ ಐರನ್ ತಂದೆ. ನನ್ನ ಹಿಡಿತ ನೋಡ್ಕೊಂಡೆ. ಎಡಗೈ ಅಂಗೈ ತುಂಬಾ ಕೋಲು, ಹೆಬ್ಬೆರಳು ನೆಟ್ಟಗೆ ಕೋಲಿನ ಮೇಲೆ, ಮೇಲಿಂದ ನೋಡಿದ್ರೆ ಎಡಗೈಯ ಒಂದು ಗೆಣ್ಣೂ ಸರಿಯಾಗಿ ಕಾಣಲ್ಲ. ಕ್ಯಾಡಿ ಶೆಡ್ಡಲ್ಲಿ ನಾನೇ ಕಲಿತ ಹಿಡಿತ, ಹದಿನೈದು ವರ್ಷದ್ದು. ಇದಕ್ಕೆ ಗಾಲ್ಫಲ್ಲಿ ದುರ್ಬಲ ಹಿಡಿತ ಅಂತಾರೆ. ಬಲಕ್ಕೂ ಇದಕ್ಕೂ ಸಂಬಂಧ ಇಲ್ಲ, ಕೈ ಎಡಕ್ಕೆ ಹೊರಳಿದೆ ಅಂತ ಅರ್ಥ. ಹಾಗೆ ಹಿಡಿದ್ರೆ ಏಟಿನ ಹೊತ್ತಿಗೆ ಮುಖ ಮುಚ್ಚೋಕೆ ಮಣಿಕಟ್ಟು ಸರ್ಕಸ್ ಮಾಡಬೇಕು. ಮನಸ್ಸು ನಿರಾಳ ಇದ್ದಾಗ ಮಾಡುತ್ತೆ. ಹದಿನೇಳನೇ ಹೋಲಲ್ಲಿ, ಅಪ್ಪನ ಕೊಬ್ಬರಿ ದುಡ್ಡು ತಲೆಯಲ್ಲಿ ಕೂತಿದ್ದಾಗ, ಮಾಡಲ್ಲ.

ಹಾಗಾಗಿ ನೀವು ಮೊದಲು ನೋಡಬೇಕಾದ್ದು ಹಿಡಿತ. ಸ್ವಿಂಗ್ ಆಮೇಲೆ. ಎಡಗೈಯನ್ನ ಸಹಜವಾಗಿ ಪಕ್ಕಕ್ಕೆ ಇಳಿಬಿಡಿ. ಅದು ಯಾವ ಕೋನದಲ್ಲಿ ತೂಗುತ್ತೋ ಅದೇ ಕೋನದಲ್ಲಿ ತಂದು ಕೋಲು ಹಿಡೀರಿ. ಕೋಲು ಕೂರಬೇಕಾದ್ದು ಬೆರಳುಗಳ ಬುಡದಲ್ಲಿ, ಅಂಗೈ ಮಧ್ಯದಲ್ಲಲ್ಲ. ತಲೆ ಬಗ್ಗಿಸಿ ನೋಡಿದ್ರೆ ಎಡಗೈಯ ಎರಡು ಗೆಣ್ಣು ಕಾಣಬೇಕು, ಎರಡೂವರೆ ಆದ್ರೂ ಅಡ್ಡಿಯಿಲ್ಲ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಒಂದು ಸಂದು ಆಗುತ್ತಲ್ಲ, ಅದು ಗಲ್ಲಕ್ಕೂ ಬಲ ಭುಜಕ್ಕೂ ನಡುವೆ ತೋರಿಸ್ಬೇಕು. ಎರಡೂ ಕೈಯದ್ದು. ಬಿಗಿ ಎಷ್ಟು? ಕೋಳಿಮರಿ ಹಿಡಿದಷ್ಟು. ಸಾಯಬಾರದು, ತಪ್ಪಿಸ್ಕೊಳ್ಳಲೂಬಾರದು.

ಹೊಸ ಹಿಡಿತ ಮೊದಲ ಒಂದು ವಾರ ಅಸಹ್ಯ ಅನ್ಸುತ್ತೆ. ಬೇರೆಯವರ ಚಪ್ಪಲಿ ಹಾಕ್ಕೊಂಡ ಹಾಗೆ. ಚೆಂಡು ಎಡಕ್ಕೆ ಹೋಗೋಕೆ ಶುರುವಾಗುತ್ತೆ. ಅಲ್ಲಿ ಹೆದರಿ ಹಳೇ ಹಿಡಿತಕ್ಕೆ ವಾಪಸ್ ಹೋಗ್ತಾರೆ ಎಷ್ಟೋ ಜನ. ಹೋಗಬೇಡಿ. ಎಡಕ್ಕೆ ಹೋದ್ರೆ ಒಳ್ಳೇ ಸುದ್ದಿ, ಮುಖ ಮುಚ್ಚೋಕೆ ಶುರುವಾಗಿದೆ ಅಂತ. ಆಗ ದಾರಿ ತಿದ್ದೋಕೆ ಸಮಯ.

ದಾರಿ ತಿದ್ದೋದು ಹೇಗೆ? ಸ್ಲೈಸ್ ಹೊಡೆಯೋರ ಕೋಲು ಮೇಲಿಂದ ಇಳಿಯುವಾಗ ಹೊರಗಿಂದ ಒಳಗೆ ಬರುತ್ತೆ, ಬಲ ಭುಜ ಮೊದಲು ಮುಂದಕ್ಕೆ ನುಗ್ಗುತ್ತೆ. ಚೆಂಡಿನ ಆಚೆ ಪಕ್ಕಕ್ಕೆ, ಸ್ವಲ್ಪ ಹಿಂದೆ, ಖಾಲಿ ರಟ್ಟಿನ ಡಬ್ಬ ಇಡಿ. ಹೊರಗಿಂದ ಬಂದ್ರೆ ಡಬ್ಬಕ್ಕೆ ಏಟು ಬೀಳುತ್ತೆ. ಬೀಳದ ಹಾಗೆ ಹೊಡೀರಿ. ಯಾರೂ ಹೇಳಬೇಕಾಗಿಲ್ಲ, ಮೈಯೇ ಒಳಗಿನ ದಾರಿ ಹುಡುಕ್ಕೊಳ್ಳುತ್ತೆ. ನಾನು ಅತಿ ಬುದ್ಧಿವಂತ, ತೆಂಗಿನ ಚಿಪ್ಪು ಇಟ್ಟೆ. ಸಿಡಿದು ಬಂದು ಮೊಣಕಾಲಿಗೆ ಬಡೀತು. ಡಬ್ಬನೇ ಇಡಿ. ಇನ್ನೊಂದು ಉಪಾಯ, ಬಲಗಾಲನ್ನ ಒಂದು ಗೇಣು ಹಿಂದಕ್ಕೆ ಇಟ್ಟು ಅರ್ಧ ಸ್ವಿಂಗ್ ಹೊಡೆಯೋದು. ಅರ್ಧ ಅಂದ್ರೆ ಸೊಂಟದಿಂದ ಸೊಂಟಕ್ಕೆ, ಅಷ್ಟೇ. ಪೂರ್ತಿ ಬೀಸಬೇಡಿ. ನಮ್ಮ ಹುಡುಗರು ಇದನ್ನ ಕೇಳಲ್ಲ. ಬಕೆಟ್‌ಗೆ ದುಡ್ಡು ಕೊಟ್ಟಿದ್ದೀವಿ, ಜೋರಾಗಿ ಹೊಡೀಬೇಕು ಅಂತಾರೆ.

ಜೋರಿನ ವಿಷಯ ಬಂತಲ್ಲ, ಅದಿತಿ ಅಶೋಕ್ ಅವರನ್ನ ನೆನೆಸ್ಕೊಳ್ಳಿ. ಬೆಂಗಳೂರಿನ ಹುಡುಗಿ, ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಆಟ ಕಲಿತವರು. 2016ರಲ್ಲಿ ರಿಯೊ ಒಲಿಂಪಿಕ್ಸಿಗೆ ಹೋದಾಗ ಹದಿನೆಂಟು ವರ್ಷ, ತಂದೆಯೇ ಕ್ಯಾಡಿ. ಟೋಕಿಯೊದಲ್ಲಿ ತಾಯಿ ಚೀಲ ಹಿಡಿದ್ರು. ಅಲ್ಲಿ ಕಣದಲ್ಲಿದ್ದವರಲ್ಲಿ ತೀರಾ ಕಡಿಮೆ ದೂರ ಹೊಡೆಯೋರ ಸಾಲಲ್ಲಿ ಇವರಿದ್ರು. ಆದ್ರೂ ನಾಲ್ಕನೇ ಸ್ಥಾನ, ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ. ಆ ಶನಿವಾರ ಬೆಳಗ್ಗೆ ನಮ್ಮ ಕ್ಯಾಡಿ ಶೆಡ್ಡಲ್ಲಿ ಒಂದು ಮೊಬೈಲಿಗೆ ಹದಿನಾಲ್ಕು ತಲೆ. ಜೋರಾಗಿ ಹೊಡೆಯೋದೇ ಗಾಲ್ಫ್ ಅನ್ನೋರಿಗೆ ನಾನು ಅವರ ಪಟ್ಟಿಂಗ್ ತೋರಿಸ್ತೀನಿ.

ಮುಂದಿನ ಕಾಯಿಲೆ: ನೆಲಕ್ಕೆ ಹೊಡೆಯೋದು, ಇಲ್ಲಾ ಚೆಂಡಿನ ತಲೆ ಸವರೋದು. ಇವೆರಡೂ ಬೇರೆ ಬೇರೆ ಅಂದ್ಕೊಳ್ತಾರೆ. ಬಹಳ ಸಲ ಒಂದೇ ತಾಯಿ ಮಕ್ಕಳು. ಕೋಲು ಕಮಾನಿನ ಥರ ಇಳಿದು ಏರುತ್ತೆ. ಆ ಕಮಾನಿನ ಅತಿ ಕೆಳಗಿನ ಜಾಗ ಚೆಂಡಿಗಿಂತ ಸ್ವಲ್ಪ ಮುಂದೆ ಇರಬೇಕು, ಐರನ್ ಕೋಲುಗಳಿಗೆ. ಮೈ ಭಾರ ಬಲಗಾಲಲ್ಲೇ ಉಳಿದ್ರೆ ಆ ಜಾಗ ಚೆಂಡಿನ ಹಿಂದೆ ಬರುತ್ತೆ. ಆಗ ಒಂದು ಸಲ ಮಣ್ಣು ಏಳುತ್ತೆ, ಇನ್ನೊಂದು ಸಲ ಕೋಲು ಅಷ್ಟೊತ್ತಿಗೆ ಮೇಲಕ್ಕೆ ಏರ್ತಾ ಇದ್ದು ಚೆಂಡಿನ ನೆತ್ತಿಗೆ ತಾಗುತ್ತೆ. ನೋಡೋರು ‘ತಲೆ ಎತ್ತಿದೆ’ ಅಂತಾರೆ. ತಲೆ ಪಾಪ ಏನೂ ಮಾಡಿಲ್ಲ.

ನಾನು ತೋಟದಲ್ಲಿ ಮಾಡಿದ್ದು ಇದು: ಒಲೆ ಬೂದಿ ತಂದು ನೆಲದ ಮೇಲೆ ಒಂದು ಗೆರೆ ಎಳೆದೆ. ಚೆಂಡಿಲ್ಲ. ಗೆರೆ ಎರಡು ಕಾಲಿನ ಮಧ್ಯೆ ಬರೋ ಹಾಗೆ ನಿಂತು ಬೀಸೋದು. ಕೋಲು ಮಣ್ಣು ಕೆರೆಯಬೇಕಾದ್ದು ಗೆರೆ ಮೇಲೆ, ಇಲ್ಲಾ ಗೆರೆಯಿಂದ ಗುರಿ ಕಡೆಗೆ. ಹಿಂದೆ ಕೆರೆದ್ರೆ ಭಾರ ಎಡಗಾಲಿಗೆ ಬಂದಿಲ್ಲ ಅಂತ. ಮೊದಲ ದಿನ ನನ್ನ ಗೆರೆ ಹಾಗೇ ಇತ್ತು, ಹಿಂದೆ ಮಾತ್ರ ಗುಂಡಿ. ಅವ್ವ ಬಂದು ‘ಬೂದಿ ಯಾಕೆ ಹಾಳು ಮಾಡ್ತೀಯ, ಪಾತ್ರೆಗೆ ಬೇಕು’ ಅಂದ್ಲು. ನಿಮ್ಮಲ್ಲಿ ಬೂದಿ ಸಿಗಲ್ಲ, ಸುಣ್ಣ ಇಲ್ಲಾ ರಂಗೋಲಿ ಪುಡಿ ಸಾಕು. ಮ್ಯಾಟ್ ಮೇಲೆ ಇದು ಗೊತ್ತಾಗಲ್ಲ ಅನ್ನೋದನ್ನೂ ಹೇಳ್ಬೇಕು. ರೇಂಜಿನ ರಬ್ಬರ್ ಮ್ಯಾಟ್ ಸುಳ್ಳು ಹೇಳುತ್ತೆ. ಹಿಂದೆ ಬಿದ್ದ ಕೋಲೂ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತೆ, ನಿಮಗೆ ಚೆನ್ನಾಗಿ ಹೊಡೆದೆ ಅನ್ಸುತ್ತೆ. ಡ್ರೈವರ್‌ಗೆ ಈ ಗೆರೆ ಪಾಠ ಬೇಡ. ಅದು ಟೀ ಮೇಲಿನ ಚೆಂಡು, ಎಡ ಹಿಮ್ಮಡಿ ನೇರಕ್ಕೆ ಇಟ್ಟು, ಕೋಲು ಏರ್ತಾ ಇರುವಾಗ ಹೊಡೆಯೋದು.

ಇನ್ನು ಸೊಂಟ ಮುಂದಕ್ಕೆ ನುಗ್ಗೋದು. ನನ್ನ ಸೊಂಟ ಹಿಡಿಯೋಕೂ ಇದೇ ಕಾರಣ ಇತ್ತು ಅಂತ ಆಮೇಲೆ ವಿಡಿಯೋ ನೋಡಿದಾಗ ಗೊತ್ತಾಯ್ತು. ಬಗ್ಗಿ ನಿಂತ ಭಂಗಿ ಏಟಿನ ಹೊತ್ತಿಗೆ ಎದ್ದು ನಿಲ್ಲುತ್ತೆ, ಸೊಂಟ ಚೆಂಡಿನ ಕಡೆ ತಳ್ಳುತ್ತೆ, ಕೈಗೆ ಜಾಗ ಇಲ್ಲ. ಗೋಡೆಗೆ ಬೆನ್ನು ಮಾಡಿ, ಕುಂಡಿ ಮಾತ್ರ ತಾಗೋ ಹಾಗೆ ಬಗ್ಗಿ ನಿಲ್ಲಿ. ಕೋಲು ಬೇಡ, ಕೈ ಎದೆ ಮೇಲೆ ಕಟ್ಕೊಳ್ಳಿ. ಹಿಂದಕ್ಕೆ ತಿರುಗುವಾಗ ಬಲಗಡೆ ಗೋಡೆಗೆ ಒತ್ತಬೇಕು, ಮುಂದಕ್ಕೆ ತಿರುಗುವಾಗ ಎಡಗಡೆ ಬಂದು ಒತ್ತಬೇಕು. ಗೋಡೆ ಬಿಟ್ಟು ಬಂದ್ರಿ ಅಂದ್ರೆ ಅದೇ ತಪ್ಪು. ನಾನು ತೆಂಗಿನ ಮರಕ್ಕೆ ಒರಗಿ ಮಾಡಿದೆ, ಪಕ್ಕದ ತೋಟದ ಅಣ್ಣ ನಿಂತು ನೋಡಿ, ‘ಏನಪ್ಪಾ, ಬೆನ್ನು ಕೆರೀತಿದೆಯಾ?’ ಅಂತ ಕೇಳಿದ್ರು. ದಿನಾ ಹತ್ತು ನಿಮಿಷ, ಹಲ್ಲುಜ್ಜುವಾಗಲೂ ಮಾಡಬಹುದು. ನೋವು ಜಾಸ್ತಿ ಇದ್ರೆ ಮಾತ್ರ ಮೊದಲು ಡಾಕ್ಟರ್ ಹತ್ರ ಹೋಗಿ. ನಾನು ತಡ ಮಾಡಿ ಎರಡು ತಿಂಗಳು ಕಳ್ಕೊಂಡೆ.

ಕೋಲಿನ ಬುಡಕ್ಕೆ ತಾಗಿ ಚೆಂಡು ಅಡ್ಡಡ್ಡ ಹಾರೋದು ಶ್ಯಾಂಕ್. ಬಹುಪಾಲು ಭಾರ ಕಾಲ್ಬೆರಳಿಗೆ ಬಂದಿರುತ್ತೆ, ಸ್ವಲ್ಪ ಹಿಂದಕ್ಕೆ ನಿಲ್ಲಿ. ಎಡಕ್ಕೆ ಸುತ್ತೋ ಹುಕ್ಕು ಸ್ಲೈಸಿನ ಉಲ್ಟಾ, ಗೆಣ್ಣು ಮೂರಕ್ಕಿಂತ ಜಾಸ್ತಿ ಕಾಣ್ತಿದೆಯಾ ನೋಡ್ಕೊಳ್ಳಿ.

ಲಯದ ಬಗ್ಗೆ ಒಂದು ಮಾತು. ದೊಡ್ಡ ಆಟಗಾರರ ಸ್ವಿಂಗ್ ಅಳೆದು ನೋಡಿದೋರು ಹೇಳೋದು, ಕೋಲು ಹಿಂದಕ್ಕೆ ಹೋಗೋಕೆ ಮೂರು ಪಾಲು ಸಮಯ, ಇಳಿದು ಚೆಂಡು ತಾಗೋಕೆ ಒಂದು ಪಾಲು. ಅಪ್ಪನ ಮಚ್ಚನ್ನ ನಾನು ಫೋನಲ್ಲಿ ನಿಧಾನಗತಿಯಲ್ಲಿ ತೆಗೆದು ನೋಡಿದೆ, ಅದೂ ನಿಧಾನಕ್ಕೆ ಏರಿ ಚಕ್ಕನೆ ಬೀಳುತ್ತೆ. ಲೆಕ್ಕ ಹಾಕೋಕೆ ಹೋಗ್ಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಒಡೆಯೋ ಮನುಷ್ಯ ಅವಸರ ಮಾಡಿದ್ರೆ ಮಧ್ಯಾಹ್ನಕ್ಕೆ ಭುಜ ಬಿದ್ದೋಗುತ್ತೆ.

ಫೋನ್ ಅಂದೆನಲ್ಲ. ನಿಮ್ಮ ಕೈಲಿರೋ ಫೋನೇ ಒಳ್ಳೇ ಕೋಚ್, ಆದ್ರೆ ರೀಲ್ಸ್ ನೋಡೋಕಲ್ಲ. ರೀಲ್ಸಲ್ಲಿ ಒಬ್ಬ ಬಲಗಡೆ ಅಂತಾನೆ, ಮುಂದಿನೋನು ಎಡಗಡೆ ಅಂತಾನೆ, ಅವರು ಯಾರ ತಪ್ಪಿಗೆ ಔಷಧಿ ಕೊಡ್ತಿದ್ದಾರೆ ಅಂತ ನಿಮಗೆ ಗೊತ್ತಿಲ್ಲ. ಹುಕ್ಕಿನವನಿಗೆ ಕೊಟ್ಟ ಮದ್ದು ಸ್ಲೈಸಿನವನು ಕುಡಿದ ಹಾಗೆ. ನಿಮ್ಮದನ್ನೇ ತೆಗೀರಿ. ಒಂದು ವಿಡಿಯೋ ಎದುರಿಂದ, ಇನ್ನೊಂದು ಗುರಿ ರೇಖೆಯ ಹಿಂದಿನಿಂದ, ಕೈಗಳ ನೇರಕ್ಕೆ, ಕೈಗಳಷ್ಟೇ ಎತ್ತರದಲ್ಲಿ ಫೋನ್ ಇಟ್ಟು, ಸ್ಲೋ ಮೋಷನ್ನಲ್ಲಿ. ಫೋನ್ ಓರೆ ಇಟ್ರೆ ಸರಿಯಾದ ಸ್ವಿಂಗೂ ತಪ್ಪಾಗಿ ಕಾಣುತ್ತೆ. ಒಂದು ಸಲಕ್ಕೆ ಒಂದೇ ತಪ್ಪು ಹುಡುಕಿ. ವಿಚಿತ್ರವಾಗಿ ಕಾಣೋದೆಲ್ಲ ತಪ್ಪಲ್ಲ ಅನ್ನೋದೂ ಗೊತ್ತಿರ್ಲಿ. ಅಮೆರಿಕದ ಜಿಮ್ ಫ್ಯೂರಿಕ್ ಸ್ವಿಂಗ್ ನೋಡಿದ್ರೆ ಯಾರೋ ಹಗ್ಗ ಬಿಡಿಸ್ತಿರೋ ಹಾಗಿರುತ್ತೆ. ಅವರು 2003ರಲ್ಲಿ ಯುಎಸ್ ಓಪನ್ ಗೆದ್ರು, 2016ರಲ್ಲಿ ಒಂದು ಸುತ್ತನ್ನ 58 ಹೊಡೆತಕ್ಕೆ ಮುಗಿಸಿದ್ರು. ಚೆಂಡು ತಾಗೋ ಕ್ಷಣದಲ್ಲಿ ಮುಖ, ದಾರಿ ಎರಡೂ ಸರಿ ಇತ್ತು ಅಷ್ಟೇ.

ಆಗ ಅಪ್ಪನಿಗೂ ನನ್ನ ವಿಡಿಯೋ ತೋರಿಸಿದೆ. ಜಗುಲಿ ಮೇಲೆ ಕೂತು, ಕನ್ನಡಕ ಹಾಕ್ಕೊಂಡು ನೋಡಿದ್ರು. ಮೊದಲು ಹೊಸ ಹಿಡಿತದ್ದು. ಆಮೇಲೆ ಬೆರಳು ತಾಗಿ ಪಕ್ಕದ ವಿಡಿಯೋ ಓಪನ್ ಆಯ್ತು. ಹದಿನೇಳನೇ ಹೋಲಿಂದು. ನನ್ನ ಕ್ಯಾಡಿ ಗೆಳೆಯ ತೆಗೆದಿದ್ದ. ನಾನು ಕಿತ್ಕೊಳ್ಳೋಕೆ ಹೋದೆ, ಅಪ್ಪ ಕೊಡ್ಲಿಲ್ಲ. ಚೆಂಡು ಬಲಕ್ಕೆ ಹೋಗೋದನ್ನ ನೋಡಿದ್ರು. ಮತ್ತೆ ಹಾಕಿ ನೋಡಿದ್ರು. ವಿಡಿಯೋದ ಅಂಚಲ್ಲಿ ಬಾವುಟ ಇತ್ತು, ಒದ್ದೆ ಬಟ್ಟೆ ಥರ ಜೋತುಬಿದ್ದಿತ್ತು.

‘ಗಾಳಿ ಅಂದಿದ್ದೆ’ ಅಂದ್ರು.

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ‘ಇಲ್ಲಪ್ಪ, ನನ್ನ ಕೈದೇ ತಪ್ಪು’ ಅಂದೆ. ನೀನು ಕಾಯಿ ಇಳಿಸಿ ಮಾರಿದ್ದಕ್ಕೆ ಏನು ಹೇಳೋದು ಗೊತ್ತಾಗ್ಲಿಲ್ಲ ಅಂತಲೂ ಅಂದೆ. ಅಪ್ಪ ಫೋನ್ ವಾಪಸ್ ಕೊಟ್ರು. ‘ಗಾಳಿ ಆಗಿದ್ರೆ ನಾವೇನು ಮಾಡೋ ಹಂಗಿರ್ಲಿಲ್ಲ. ಕೈ ಆದ್ರೆ ಪರವಾಗಿಲ್ಲ ಕಣ್ಲಾ’ ಅಂದು, ಮಚ್ಚು ಮಸೆಯೋಕೆ ಎದ್ದು ಹೋದ್ರು.

ಮುಂದಿನ ತಿಂಗಳು ಮತ್ತೆ ಅರ್ಜಿ ಹಾಕ್ತಾ ಇದ್ದೀನಿ. ಈ ಸಲ ನನ್ನ ದುಡ್ಡಲ್ಲೇ. ಹಿಡಿತ ಬದಲಾಗಿ ವರ್ಷದ ಮೇಲಾಯ್ತು. ಒತ್ತಡ ಬಂದಾಗ ಹೆಬ್ಬೆರಳು ಈಗಲೂ ಹಳೇ ಜಾಗಕ್ಕೆ ಸರಿಯೋಕೆ ನೋಡುತ್ತೆ, ಅದಕ್ಕೇ ಪ್ರತಿ ಹೊಡೆತಕ್ಕೂ ಮುಂಚೆ ಗೆಣ್ಣು ಎಣಿಸ್ತೀನಿ. ಒಂದು, ಎರಡು. ಪಕ್ಕದಲ್ಲಿ ನಿಂತೋರು ಮಂತ್ರ ಹೇಳ್ತಾನೆ ಅಂದ್ಕೊಳ್ತಾರೆ.

ನಿಮ್ಮ ಸ್ವಿಂಗ್ ವಿಡಿಯೋ ಕಳಿಸೋರು ಎರಡೂ ಕೋನದ್ದು ಕಳಿಸಿ, ಎಡಗೈಯೋ ಬಲಗೈಯೋ ಬರೀರಿ. ಭಾನುವಾರ ನಾನು ಊರಲ್ಲಿರ್ತೀನಿ, ತೋಟದಲ್ಲಿ ನೆಟ್‌ವರ್ಕ್ ಬರಲ್ಲ. ಸೋಮವಾರ ಸಂಜೆ ನೋಡಿ ಉತ್ತರ ಕೊಡ್ತೀನಿ.